ಕಥೆ ದಾಟಿ ಬಂದ ಕಾಳಗ

ನಮ್ಮ ಕಾಲೇಜಿನ ಸ್ನೇಹಸಮ್ಮೇಳನದ ಸಿದ್ಧತಾ ಸಭೆಗೆ ಈ ಸಲ ಎರಡು ಅರ್ಜಿಗಳು ಬಂದಿದ್ದವು. ಟೆಕ್ಕನ್ 7 ಎಂಬ ವಿಡಿಯೊ ಆಟದ ಪಂದ್ಯ ನಡೆಸಲು ಒಂದು ಕೋಣೆಯನ್ನೂ ಎರಡು ಪರದೆಗಳನ್ನೂ ಕೊಡಬೇಕೆಂದು ಹುಡುಗರು ಬರೆದಿದ್ದರು. ಹಾನಗಲ್ಲ ತಾಲೂಕಿನ ಹಳ್ಳಿಯೊಂದರ ದೊಡ್ಡಾಟದವರನ್ನು ಕರೆಸಿ 'ಕೃಷ್ಣಾರ್ಜುನ ಕಾಳಗ' ಆಡಿಸಬೇಕೆಂದು ನಾನು ಬರೆದಿದ್ದೆ. ಎರಡೂ ಬಿದ್ದುಹೋದವು. ಹುಡುಗರದು ನಮ್ಮ ಸಂಸ್ಕೃತಿಗೆ ಹೊರಗಿನದಂತೆ. ನನ್ನದು ಈ ಕಾಲಕ್ಕೆ ಹೊರಗಿನದಂತೆ. ಒಳಗಿನದೆಂದು ಉಳಿದದ್ದು ಸಿನಿಮಾ ಹಾಡಿಗೆ ಕುಣಿತ, ಅತಿಥಿಗಳ ಭಾಷಣ, ಹಾರ, ಶಾಲು. ಅದರ ಬಗೆಗೆ ನನಗೆ ಹೊಟ್ಟೆಯುರಿಯೇನಿಲ್ಲ. ಆದರೆ ಹುಡುಗರ ಅರ್ಜಿಯನ್ನು ತಳ್ಳಿಹಾಕುವಾಗ ಹಿರಿಯ ಸಹೋದ್ಯೋಗಿಯೊಬ್ಬರು ಮುಂದಿಟ್ಟ ವಾದ ಒಂದಿದೆಯಲ್ಲ, ಅದನ್ನು ಸುಮ್ಮನೆ ಕೇಳಿಕೊಂಡು ಎದ್ದುಬಂದದ್ದು ನನ್ನ ತಪ್ಪು. ಆ ತಪ್ಪನ್ನು ಇಲ್ಲಿ ತಿದ್ದಿಕೊಳ್ಳುತ್ತೇನೆ.

ಅವರು ಹೇಳಿದ್ದು ಇಷ್ಟು: ಈ ಆಟದಲ್ಲಿ ಒಂದು ಕಥೆಯ ವೀರನು ಇನ್ನೊಂದು ಕಥೆಗೆ ನುಗ್ಗಿ, ತನಗೆ ಸಂಬಂಧವೇ ಇಲ್ಲದವರೊಡನೆ ಬಡಿದಾಡುತ್ತಾನೆ. ಇದಕ್ಕೆ ಹಿಂದಿಲ್ಲ, ಮುಂದಿಲ್ಲ. ಇದು ಔಚಿತ್ಯಭಂಗ. ಪರದೇಶದ ವ್ಯಾಪಾರಿಗಳು ಕಟ್ಟಿದ ಈ ಕಲಬೆರಕೆಗೆ ನಮ್ಮ ಮಣ್ಣಿನಲ್ಲಿ ಬೇರಿಲ್ಲ.

ಔಚಿತ್ಯವೆಂಬುದು ದೊಡ್ಡ ಶಬ್ದ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ ಅದರ ಮೇಲೆ ಒಂದು ಗ್ರಂಥವನ್ನೇ ಬರೆದ. ನಾವು ಎಂ.ಎ. ತರಗತಿಗಳಲ್ಲಿ ಅದನ್ನು ವರ್ಷವರ್ಷವೂ ಒಪ್ಪಿಸುತ್ತೇವೆ. ಆದರೆ ಒಂದು ವಸ್ತುವಿನಲ್ಲಿ ಔಚಿತ್ಯವಿದೆಯೊ ಇಲ್ಲವೊ ಎಂದು ಹೇಳುವ ಮೊದಲು ಆ ವಸ್ತುವನ್ನು ಒಮ್ಮೆ ನೋಡಬೇಕಷ್ಟೆ? ಸಭೆಯಲ್ಲಿ ಕುಳಿತ ನಮ್ಮಲ್ಲಿ ಒಬ್ಬರೂ ಆ ಆಟವನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಆದ್ದರಿಂದ ಮರುವಾರ ಸವಣೂರಿನಲ್ಲಿ, ಗಂಟೆಗೆ ಇಷ್ಟೆಂದು ಬಾಡಿಗೆ ತೆಗೆದುಕೊಂಡು ಆಡಲು ಬಿಡುವ ಒಂದು ಸಣ್ಣ ಕೋಣೆಗೆ ನನ್ನ ವಿದ್ಯಾರ್ಥಿಯೊಬ್ಬನ ಬೆನ್ನು ಹತ್ತಿ ಹೋದೆ. ಅವನು ಹಿರೇಕೆರೂರು ಕಡೆಯವನು. ಒಂದೂವರೆ ಗಂಟೆ ಅವನ ಕೈಯಲ್ಲಿ ಸೋತೆ. ತರಗತಿಯಲ್ಲಿ ಬಾಯಿ ಬಿಡದ ಆ ಹುಡುಗ ಅಲ್ಲಿ ನನಗೆ ಮಾಸ್ತರನಾದ.

ಆಟ ಹೀಗಿದೆ. ಇಬ್ಬರು ಎದುರುಬದರು ನಿಲ್ಲುತ್ತಾರೆ. ಆಡುವವನ ಕೈಯಲ್ಲಿ ನಾಲ್ಕು ಗುಂಡಿ: ಎಡಗೈಗೊಂದು, ಬಲಗೈಗೊಂದು, ಎಡಗಾಲಿಗೊಂದು, ಬಲಗಾಲಿಗೊಂದು. ಮುಂದೆ ಹಿಂದೆ ಸರಿಯುವುದಲ್ಲದೆ ಪಕ್ಕಕ್ಕೂ ಹೆಜ್ಜೆಯಿಟ್ಟು ಪೆಟ್ಟು ತಪ್ಪಿಸಿಕೊಳ್ಳಬಹುದು. ಗುಂಡಿ ಒತ್ತುವುದೇ ಆಟವೆಂದು ನಾನು ತಿಳಿದಿದ್ದೆ. ಅಲ್ಲ. ಎದುರಿನವನು ಏನು ಮಾಡಲಿದ್ದಾನೆಂಬುದನ್ನು ಅವನ ಭುಜ ಅಲುಗುವಾಗಲೇ ತಿಳಿದುಕೊಳ್ಳುವುದು ಆಟ. ಹೋರಿಹಬ್ಬದಲ್ಲಿ ಕೊಬ್ಬರಿ ಹರಿಯಲು ನಿಂತವನು ಹೋರಿಯ ಕೊಂಬನ್ನು ನೋಡುವುದಿಲ್ಲ, ಅದರ ಮುಂಗಾಲನ್ನು ನೋಡುತ್ತಾನೆ ಎನ್ನುತ್ತಾರೆ. ಇಲ್ಲಿಯೂ ಅದೇ ಕಣ್ಣು ಬೇಕು. ಇನ್ನೊಂದು ಸೊಗಸು: ಇಬ್ಬರ ಪ್ರಾಣವೂ ಕೊನೆಯ ಎಳೆಯಲ್ಲಿದ್ದು, ಇಬ್ಬರೂ ಒಮ್ಮೆಲೆ ಕೈಯೆತ್ತಿದರೆಂದರೆ, ಆಟವು ತಾನಾಗಿಯೆ ನಿಧಾನಗೊಳ್ಳುತ್ತದೆ. ಯಾರ ಏಟು ಮೊದಲು ಮುಟ್ಟೀತೆಂದು ಕಾಣುವ ತನಕ ಕೋಣೆಯಲ್ಲಿ ಉಸಿರಿಲ್ಲ. ದೊಡ್ಡಾಟದಲ್ಲಿ ಮದ್ದಳೆ ತಟಕ್ಕನೆ ನಿಂತು, ವೀರ ಒಂದು ಕಾಲನ್ನು ಎತ್ತಿ ಹಾಗೆಯೆ ಹಿಡಿದಿದ್ದಾಗ ಇಡೀ ಬಯಲು ಮೌನವಾಗುತ್ತದಲ್ಲ, ನನಗೆ ಅದು ನೆನಪಾಯಿತು.

ಇನ್ನು ಕಥೆ ದಾಟಿ ಬಂದವನ ವಿಚಾರ. ಅವನ ಹೆಸರು ಅಕುಮಾ. ಅವನು ಟೆಕ್ಕನ್ನಿನವನಲ್ಲ, ಇನ್ನೊಂದು ಕಂಪನಿಯ ಸ್ಟ್ರೀಟ್ ಫೈಟರ್ ಎಂಬ ಆಟದವನು. ಅಲ್ಲಿ ಅವನು ಮೊದಲು ಕಾಣಿಸಿಕೊಂಡದ್ದು 1994ರಲ್ಲಿ. ಟೆಕ್ಕನ್ ಆಟ ಹುಟ್ಟಿದ್ದೂ ಅದೇ 1994ರಲ್ಲಿ. ಜಪಾನಿನ ಎರಡು ಬೇರೆ ಬೇರೆ ಮನೆಗಳಲ್ಲಿ ಒಂದೇ ವರ್ಷ ಹುಟ್ಟಿದ ಇವರು ಕೂಡಿಕೊಂಡದ್ದು ಏಳನೆಯ ಟೆಕ್ಕನ್ನಿನಲ್ಲಿ. ಅದು 2015ರಲ್ಲಿ ಜಪಾನಿನ ಆಟದಂಗಡಿಗಳಿಗೆ ಬಂತು, 2017ರಲ್ಲಿ ಮನೆಮನೆಗೆ. 

"ಸರ್, ಅಂವಾ ಈ ಆಟದಾಂವ ಅಲ್ಲರಿ. ಅದಕ್ಕ ಅವನ ಕೂಡ ಆಡೂದೂ ಬ್ಯಾರೇನ ಇರತೈತ್ರಿ" ಎಂದ ನನ್ನ ಹುಡುಗ.

ಈ ಮಾತಿನಲ್ಲಿ ನಮ್ಮ ಸಭೆಯಲ್ಲಿ ಯಾರಿಗೂ ಹೊಳೆಯದ ವಿಮರ್ಶೆ ಇದೆ. ಅಕುಮಾ ಪರಮನೆಗೆ ಬಂದಾಗ ತನ್ನ ಮೈಯನ್ನು ಹೊಸ್ತಿಲಲ್ಲಿ ಕಳಚಿಟ್ಟು ಬಂದಿಲ್ಲ. ಟೆಕ್ಕನ್ನಿನವರಲ್ಲಿ ಬಹುತೇಕರು ಹತ್ತಿರ ನಿಂತು ಕೈಕಾಲಿನಿಂದ ಹೊಡೆಯುವವರು. ಅಕುಮಾ ದೂರದಿಂದಲೇ ಬೆಂಕಿಯುಂಡೆಯನ್ನು ಎಸೆಯುತ್ತಾನೆ. ತನ್ನ ಹಳೆಯ ಆಟದಲ್ಲಿ ಹಾರುತ್ತಿದ್ದಂತೆಯೆ ಇಲ್ಲಿಯೂ ಹಾರಿ ಮೇಲೆ ಬೀಳುತ್ತಾನೆ. ಅವನ ಪ್ರಾಣದ ಪಟ್ಟಿಯ ಜತೆಗೆ ಶಕ್ತಿಯ ಪಟ್ಟಿ ಇನ್ನೊಂದಿದೆ. ಹೊಡೆದಾಡಿದಂತೆ ಅದು ತುಂಬುತ್ತದೆ, ತುಂಬಿದಾಗ ಅವನ ಏಟಿಗೆ ಬೇರೆ ಬಿರುಸು. ಆದರೆ ಈ ಮನೆಗೂ ತನ್ನದೇ ಕಟ್ಟಳೆಯಿದೆ. ಇಲ್ಲಿಯವರಿಗೆ ಪಕ್ಕಕ್ಕೆ ಸರಿಯಲು ಬರುತ್ತದೆ. ಹಳೆಯ ಆಟದಲ್ಲಿ ಹಾರಿಯೊ ತಡೆದೊ ಎದುರಿಸಬೇಕಾಗಿದ್ದ ಬೆಂಕಿಯುಂಡೆಗೆ ಇಲ್ಲಿ ಒಂದು ಅಡ್ಡಹೆಜ್ಜೆ ಸಾಕು. ಎರಡು ಲೋಕಗಳ ಯುದ್ಧಧರ್ಮಗಳು ಒಂದೇ ಕಣದಲ್ಲಿ ಮುಖಾಮುಖಿಯಾಗಿವೆ. ಅತಿಥಿಗೆ ಬಲ ತುಸು ಹೆಚ್ಚೇ ಕೊಟ್ಟರೆಂದು ಆಡುವವರು ಗೊಣಗಿದ್ದುಂಟು. ನಾನು ತಿಂದ ಪೆಟ್ಟುಗಳ ಆಧಾರದಿಂದ ಆ ಗೊಣಗಾಟಕ್ಕೆ ನನ್ನ ಸಹಿಯೂ ಇದೆ.

ಸರಿ, ಮೈ ಬಂತು. ಕಾರಣ? ಕಾರಣವೂ ಇದೆ. ಟೆಕ್ಕನ್ನಿನ ಕಥೆಯಲ್ಲಿ ಕಜುಮಿ ಎಂಬ ಹೆಂಗಸಿದ್ದಾಳೆ. ಅಕುಮಾ ಅವಳಿಗೆ ಪ್ರಾಣದ ಋಣಿ. ತನ್ನ ಗಂಡನೂ ಮಗನೂ ಲೋಕಕ್ಕೆ ಕಂಟಕರಾಗುವರೆಂದು ಬಗೆದ ಅವಳು, ತಾನು ಸತ್ತರೆ ಅವರಿಬ್ಬರನ್ನು ಕೊಲ್ಲಬೇಕೆಂದು ಅವನಿಂದ ಮಾತು ತೆಗೆದುಕೊಂಡಿದ್ದಾಳೆ. ಅವಳು ಸತ್ತಿದ್ದಾಳೆ, ಇವನು ಮಾತು ಉಳಿಸಿಕೊಳ್ಳಲು ಬಂದಿದ್ದಾನೆ.

ಇದನ್ನು ಕೇಳಿದಾಗ ನಾನು ಕೈಯಲ್ಲಿದ್ದ ಯಂತ್ರವನ್ನು ಕೆಳಗಿಟ್ಟೆ. ಏಕೆಂದರೆ ಆ ಹುಡುಗ ನನಗೆ ಹೇಳುತ್ತಿದ್ದುದು, ಬಿದ್ದುಹೋದ ನನ್ನ ಅರ್ಜಿಯ ಕಥೆಯನ್ನೇ! ಕೃಷ್ಣನು ಅರ್ಘ್ಯ ಕೊಡುತ್ತಿರುವಾಗ ಆಕಾಶದಲ್ಲಿ ಹೋಗುತ್ತಿದ್ದ ಗಯನೆಂಬ ಗಂಧರ್ವನ ಎಂಜಲು ಬೊಗಸೆಯಲ್ಲಿ ಬೀಳುತ್ತದೆ. ಕೃಷ್ಣ ಅವನನ್ನು ಕೊಲ್ಲುವೆನೆಂದು ಪ್ರತಿಜ್ಞೆ ಮಾಡುತ್ತಾನೆ. ಗಯ ಓಡಿಬಂದು, ವೈರಿ ಯಾರೆಂಬುದನ್ನು ಹೇಳದೆಯೆ ಅರ್ಜುನನಿಂದ ಅಭಯ ಪಡೆಯುತ್ತಾನೆ. ಆಮೇಲೆ ತಿಳಿಯುತ್ತದೆ. ಆಡಿದ ಮಾತಿನ ಹಗ್ಗ ಇಬ್ಬರ ಕೊರಳಿಗೂ ಬಿದ್ದಿದೆ. ನಡುವೆ ಸುಭದ್ರೆ, ಒಬ್ಬನ ತಂಗಿ, ಇನ್ನೊಬ್ಬನ ಹೆಂಡತಿ. ಎಂದೂ ಎದುರಾಗಬಾರದವರು ಎದುರಾಗುತ್ತಾರೆ. ಜನ ಬೆಳತನಕ ಕುಳಿತು ನೋಡುವುದು ಆ ಎದುರಾಗುವಿಕೆಯನ್ನು.

ಒಂದೇ ಕಥೆಯ ಇಬ್ಬರಾಯಿತಲ್ಲ ಎಂದೀರಿ. ಹಾಗಾದರೆ ಶರಸೇತು ಬಂಧನದ ಪ್ರಸಂಗವನ್ನು ತೆಗೆದುಕೊಳ್ಳಿ. ಭಾರತದ ಅರ್ಜುನ, ರಾಮಾಯಣದ ಹನುಮಂತ. ನಡುವೆ ಒಂದು ಯುಗವೇ ಕಳೆದಿದೆ. ರಾಮ ಕಲ್ಲುಗಳನ್ನು ಹೊರಿಸಿ ಸೇತುವೆ ಕಟ್ಟಿಸಿದ್ದೇಕೆ, ಬಾಣಗಳಿಂದಲೇ ಕಟ್ಟಬಹುದಿತ್ತಲ್ಲ ಎಂದು ಅರ್ಜುನ ಬೀಗುತ್ತಾನೆ. ಪಂಥ ಬೀಳುತ್ತದೆ. ಇವನು ಕಟ್ಟುತ್ತಾನೆ, ಅವನು ಕಾಲಿಟ್ಟು ಮುರಿಯುತ್ತಾನೆ. ಗಮನಿಸಿ, ಯಾರೂ ಯಾರನ್ನೂ ಹೊಡೆಯುವುದಿಲ್ಲ. ಒಬ್ಬನ ಕೈಚಳಕ, ಇನ್ನೊಬ್ಬನ ಮೈಭಾರ; ಇದೇ ಕಾಳಗ. ಅಕುಮಾನ ಬೆಂಕಿಯುಂಡೆಗೆ ಅಡ್ಡಹೆಜ್ಜೆ ಎದುರಾದಂತೆ ಇಲ್ಲಿ ಬಾಣಕ್ಕೆ ಭಾರ ಎದುರಾಗಿದೆ. ಕೊನೆಗೆ ಹನುಮಂತ ಅರ್ಜುನನ ಧ್ವಜವೇರುತ್ತಾನೆ. ಇನ್ನು ಭಾಗವತದಲ್ಲಿ, ರಾಮನ ಕಾಲದ ಜಾಂಬವಂತ ಸ್ಯಮಂತಕಮಣಿಯ ನೆವದಲ್ಲಿ ಕೃಷ್ಣನೊಡನೆ ಇಪ್ಪತ್ತೆಂಟು ದಿನ ಗುದ್ದಾಡಿ, ಆಮೇಲೆ ಇವನು ತನ್ನ ಒಡೆಯನೇ ಎಂದು ಗುರುತಿಸುತ್ತಾನೆ. ಗುರುತಿಸಿದ್ದು ಮುಖದಿಂದಲ್ಲ, ಪೆಟ್ಟಿನಿಂದ!

ಸಂಸ್ಕೃತದ ಮಾತು ಬಿಟ್ಟು ನಮ್ಮ ನೆಲಕ್ಕೆ ಬರೋಣ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ಮೋಹನತರಂಗಿಣಿ'ಯಲ್ಲಿ ಬಾಣಾಸುರನ ಪಕ್ಷಕ್ಕೆ ಶಿವನನ್ನೂ ಎದುರು ಪಕ್ಷಕ್ಕೆ ಕೃಷ್ಣನನ್ನೂ ನಿಲ್ಲಿಸಿ ಹರಿಹರರ ಕಾಳಗವನ್ನೇ ಹಾಡಿದರು. ಭಕ್ತರು ಊರೂರಲ್ಲಿ ಯಾರು ಹೆಚ್ಚೆಂದು ಜಗಳಾಡುತ್ತಿದ್ದ ಇಬ್ಬರು ದೇವರು ಅವರು. ಆದರೂ ಶಿವ ಬಂದದ್ದು ಸುಮ್ಮನಲ್ಲ, ಭಕ್ತನನ್ನು ಕಾಯುವೆನೆಂದು ಕೊಟ್ಟ ಮಾತಿಗಾಗಿ. ಹಾನಗಲ್ಲಿನ ಜನವಂತೂ ಇನ್ನೂ ಮುಂದೆ ಹೋದರು. ಪಾನುಂಗಲ್ಲೆಂದು ಹೆಸರಾದ ಆ ಊರನ್ನು ಶಾಸನಗಳು ವಿರಾಟನ ಕೋಟೆ, ವಿರಾಟನಗರಿ ಎಂದೂ ಕರೆದಿವೆ. ಎಲ್ಲಿಯ ಮತ್ಸ್ಯದೇಶ, ಎಲ್ಲಿಯ ಧರ್ಮಾ ನದಿಯ ದಂಡೆ! ಅಡಿಗೆಯ ಬಲ್ಲವನಾಗಿ ಭೀಮ ಜೀಮೂತನೆಂಬ ಜಟ್ಟಿಯನ್ನು ಕೆಡವಿದ್ದನ್ನೂ ಕೀಚಕನನ್ನು ಕೊಂದದ್ದನ್ನೂ ತಮ್ಮ ಊರಿನಲ್ಲಿಯೇ ನಡೆಯಿತೆಂದು ನಂಬಿ ಶತಮಾನಗಳ ಕಾಲ ಬಾಳಿದವರಿಗೆ, ಕಥೆ ದಾಟಿ ಬರುವ ವೀರ ಹೊಸಬನೆ?

1977ರ 'ಬಭ್ರುವಾಹನ' ಚಿತ್ರದಲ್ಲಿ ತಂದೆ ಅರ್ಜುನನೂ ರಾಜಕುಮಾರರೇ, ಮಗ ಬಭ್ರುವಾಹನನೂ ಅವರೇ. ಆಡುವವರಿಬ್ಬರೂ ಒಬ್ಬನೇ ವೀರನನ್ನು ಆರಿಸಿಕೊಂಡಾಗ ಪರದೆಯ ಮೇಲೆ ಅವನಿಗೆ ಅವನೇ ಎದುರಾಗುತ್ತಾನೆ. ಅದನ್ನು ಕಂಡು ಹುಡುಗರು ನಕ್ಕಾಗ ನನಗೆ ಈ ಚಿತ್ರದ ನೆನಪಾಯಿತು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ, ಕಲಾವಿದ ಟಿ. ಬಿ. ಸೊಲಬಕ್ಕನವರು ಕಟ್ಟಿದ ಶಿಲ್ಪೋದ್ಯಾನವಿದೆ. ರಾಜಕುಮಾರರ ಬೇರೆ ಬೇರೆ ಚಿತ್ರಗಳ ಪಾತ್ರಗಳು ಅಲ್ಲಿ ಒಟ್ಟಿಗೆ ನಿಂತಿವೆ. ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದ ನಮ್ಮಲ್ಲಿ ಯಾರಿಗೂ ಅಲ್ಲಿ ಔಚಿತ್ಯಭಂಗ ಕಾಣಿಸಲಿಲ್ಲ. 2020ರಲ್ಲಿ ತೀರಿಕೊಂಡ ಸೊಲಬಕ್ಕನವರು ದೊಡ್ಡಾಟಕ್ಕಾಗಿಯೂ ದುಡಿದವರು ಎಂಬುದನ್ನು ನಮ್ಮ ಸಮಿತಿಯವರು ನೆನೆಯಬಹುದಿತ್ತು.

ಪರದೇಶದ್ದೆಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಸವಣೂರಿನ ಮಠದ ಅಂಗಳದಲ್ಲಿ ದೈತ್ಯಾಕಾರದ ಮರಗಳಿವೆ. ಮೂಲ ಆಫ್ರಿಕ. ನಮ್ಮವರು ಅದನ್ನು ದೊಡ್ಡಹುಣಸೆ ಎಂದು ಕರೆದರು; ಮಠಕ್ಕೂ ಆ ಮರದ ಹೆಸರೇ ಆಯಿತು. 

ಇಷ್ಟು ಹೇಳಿದ ಮಾತ್ರಕ್ಕೆ ನಾನು ಹುಡುಗರ ಪಕ್ಷದ ವಕೀಲನಾದೆನೆಂದು ತಿಳಿಯಬೇಡಿ. ಅವರೊಡನೆಯೂ ನನಗೆ ಜಗಳವಿದೆ. ಅದೇ ಟೆಕ್ಕನ್ 7ಕ್ಕೆ 2019ರಲ್ಲಿ ನೇಗನ್ ಎಂಬ ಇನ್ನೊಬ್ಬ ಅತಿಥಿ ಬಂದ. ಅಮೆರಿಕದ ದೂರದರ್ಶನ ಧಾರಾವಾಹಿಯೊಂದರಲ್ಲಿ ಹೆಸರಾದ ಖಳ. ಮುಳ್ಳುತಂತಿ ಸುತ್ತಿದ ದಾಂಡು ಅವನ ಆಯುಧ. ಮೈ ಬಂದಿದೆ, ದಾಂಡು ಬಂದಿದೆ, ಆ ವಕ್ರ ನಗೆಯೂ ಬಂದಿದೆ. ಆದರೆ ಏಕೆ ಬಂದ? ಯಾರಿಗೆ ಮಾತು ಕೊಟ್ಟಿದ್ದ? ಯಾರ ಮೇಲೆ ಅವನಿಗೆ ಹಗೆ? ಏನೂ ಇಲ್ಲ. ಅವನಿಗೆ ಬೇರೆ ಬೆಲೆ ಕಟ್ಟಿ ಮಾರಿದರು, ಕೊಂಡವರ ಮನೆಗೆ ಬಂದ. ಇದನ್ನು ನಾನು ಹುಡುಗರ ಮುಂದೆ ಎತ್ತಿದಾಗ ಅವರು, "ಆಟ ಅಲ್ಲೇನ್ರಿ ಸರ್, ಯಾರು ಬಂದರೇನ್ರಿ" ಎಂದರು. ಇದು ನನ್ನ ಸಹೋದ್ಯೋಗಿಯ ವಾದದಷ್ಟೇ ಸೋಮಾರಿ ಮಾತು. ಅವರು ಯಾರೂ ಬರಕೂಡದೆನ್ನುತ್ತಾರೆ, ಇವರು ಯಾರೂ ಬರಬಹುದೆನ್ನುತ್ತಾರೆ. ಬಂದವನನ್ನು ಬಾಗಿಲಲ್ಲಿ ನಿಲ್ಲಿಸಿ 'ಯಾರಪ್ಪ ನೀನು, ಏಕೆ ಬಂದೆ?' ಎಂದು ಕೇಳುವ ಶ್ರಮ ಇಬ್ಬರಿಗೂ ಬೇಡ.

ದೊಡ್ಡಾಟದಲ್ಲಿ ಆ ಶ್ರಮಕ್ಕಾಗಿಯೇ ಒಬ್ಬನಿದ್ದಾನೆ, ಸಾರಥಿ. ಕಿರೀಟ, ಭುಜಕೀರ್ತಿ ತೊಟ್ಟು ಅಟ್ಟ ನಡುಗುವಂತೆ ಕುಣಿದು ಬಂದವನು ದೇವೇಂದ್ರನೇ ಆಗಿರಲಿ, ಸಾರಥಿ ಅವನನ್ನು ತಡೆದು, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳಿಯೇ ಕೇಳುತ್ತಾನೆ. ಉತ್ತರ ಕೊಡದೆ ಯಾರಿಗೂ ಕಥೆಯೊಳಗೆ ಪ್ರವೇಶವಿಲ್ಲ. ಪೇಟೆಯ ನಮಗೆ ಇದು ನಗೆಯ ವಸ್ತುವಾಗಿದೆ. 'ಅದನ್ನೇ ಎಷ್ಟು ಸಲ ಕೇಳುತ್ತಾರಪ್ಪ' ಎಂದು ಅರ್ಧರಾತ್ರಿಗೆ ಎದ್ದುಬರುತ್ತೇವೆ. ನೇಗನ್ನನನ್ನು ಸಾರಥಿಯ ಮುಂದೆ ನಿಲ್ಲಿಸಿದರೆ ಅವನ ಬಾಯಿ ಕಟ್ಟುತ್ತದೆ. ಅಕುಮಾ ಉತ್ತರ ಕೊಟ್ಟಾನು. ಗಯನ ವೃತ್ತಾಂತ ಕೇಳಿದವರಿಗೆ ಆ ಉತ್ತರ ಅರ್ಥವೂ ಆದೀತು.

ನನ್ನ ವಿದ್ಯಾರ್ಥಿಗೆ ಗಯನ ವೃತ್ತಾಂತ ಗೊತ್ತಿರಲಿಲ್ಲ. ಅವನ ಅಜ್ಜ ತಾಲೀಮಿಗೆ ಹೋಗುತ್ತಿದ್ದನಂತೆ, ಅರ್ಜುನನ ಪಾತ್ರಕ್ಕಾಗಿ ತನ್ನ ಕೈಯಿಂದಲೇ ಹಣ ಹಾಕುತ್ತಿದ್ದನಂತೆ. ಮನೆಯ ಅಟ್ಟದ ಮೇಲೆ ಈಗಲೂ ಒಂದು ಭುಜಕೀರ್ತಿ ಇದೆಯಂತೆ. ಇಷ್ಟನ್ನೂ ಅವನು ಹೇಳಿದ್ದು ಆ ಕೋಣೆಯಲ್ಲಿ. ಮೂರು ವರ್ಷ ಕನ್ನಡ ತರಗತಿಯಲ್ಲಿ ನನ್ನೆದುರು ಕುಳಿತ ಹುಡುಗ ಅವನು. ನಾನು ಒಮ್ಮೆಯಾದರೂ ಕೇಳಲಿಲ್ಲ, ಅವನಾಗಿ ಹೇಳಲಿಲ್ಲ.

ಈಗ ನಾವಿಬ್ಬರೂ ಕೂಡಿ ಹೊಸ ಅರ್ಜಿ ಬರೆದಿದ್ದೇವೆ: ಹಗಲಿಗೆ ಟೆಕ್ಕನ್ ಪಂದ್ಯ, ರಾತ್ರಿಗೆ ಕೃಷ್ಣಾರ್ಜುನ ಕಾಳಗ, ಎರಡಕ್ಕೂ ಒಂದೇ ಸಭಾಗೃಹ. ಸಮಿತಿ ಅದನ್ನು ನಿನ್ನೆ ಹಿಂದಿರುಗಿಸಿತು. ದೊಡ್ಡಾಟ ಬೆಳಗಾಗುವ ತನಕ ನಡೆಯುವುದಾದರೆ ವಿದ್ಯುತ್ ಬಿಲ್ಲನ್ನು ಯಾವ ವಿಭಾಗದ ಲೆಕ್ಕಕ್ಕೆ ಹಾಕಬೇಕೆಂದು ಅರ್ಜಿಯಲ್ಲಿ ಕಾಣಿಸಿಲ್ಲವಂತೆ. ಕನ್ನಡ ವಿಭಾಗದ ಲೆಕ್ಕಕ್ಕೆ ಎಂದು ಬರೆದು, ಈ ಬೆಳಿಗ್ಗೆ ಮತ್ತೆ ಕೊಟ್ಟು ಬಂದಿದ್ದೇನೆ.