ಒಂದು ಪದದ ಬೆಲೆ

ಸಾಮಾನ್ಯ ಮಸೂದೆಯೊಂದು ಕಾನೂನಾಗಲು ಲೋಕಸಭೆ, ರಾಜ್ಯಸಭೆಗಳೆರಡರ ಒಪ್ಪಿಗೆಯೂ ರಾಷ್ಟ್ರಪತಿಗಳ ಅಂಕಿತವೂ ಅಗತ್ಯ. ಸದನಗಳ ನಡುವೆ ಭಿನ್ನಮತ ಉಳಿದರೆ ಸಂವಿಧಾನದ 108ನೇ ವಿಧಿಯಂತೆ ಜಂಟಿ ಅಧಿವೇಶನ ಕರೆಯಬಹುದು. ಇಷ್ಟೆಲ್ಲ ವಿಳಂಬವೇಕೆ ಎಂದು ಕೇಳುವವರಿದ್ದಾರೆ. ಉತ್ತರ ನಮ್ಮ ಮದುವೆಯ ಚಪ್ಪರದಲ್ಲಿಯೇ ಇದೆ.

ಇಂಥ ಮೊದಲ ಜಂಟಿ ಅಧಿವೇಶನ ನಡೆದದ್ದು 1961ರಲ್ಲಿ, ವರದಕ್ಷಿಣೆ ನಿಷೇಧ ಮಸೂದೆಗಾಗಿ. ವರದಕ್ಷಿಣೆ ಎಂದರೇನು ಎಂಬುದರಲ್ಲಿಯೇ ಸದನಗಳಿಗೆ ಒಮ್ಮತವಿರಲಿಲ್ಲ. ಕೊನೆಗೆ ಬಂದ ಕಾಯಿದೆ ಮದುವೆಗೆ 'ಪ್ರತಿಫಲವಾಗಿ' ಕೊಟ್ಟದ್ದನ್ನಷ್ಟೇ ವರದಕ್ಷಿಣೆ ಎಂದಿತು. ಆ ಒಂದು ಪದದ ಸಂದಿನಲ್ಲಿ ಚಿನ್ನ, ನಗದು, ನಿವೇಶನಗಳು ಉಡುಗೊರೆಯ ವೇಷ ತೊಟ್ಟು ನುಸುಳಿದವು. ಸಂಸತ್ತಿನ ಜಂಟಿ ಸಮಿತಿಯ ಪರಿಶೀಲನೆಯ ತರುವಾಯ, 1984ರಲ್ಲಿ ಅದನ್ನು 'ಮದುವೆಗೆ ಸಂಬಂಧಿಸಿದಂತೆ' ಎಂದು ತಿದ್ದಲಾಯಿತು. ಅದಕ್ಕೆ 23 ವರ್ಷ ಹಿಡಿಯಿತು. ಅಷ್ಟು ಕಾಲ ಬೆಲೆ ತೆತ್ತವರು ಹೆಣ್ಣುಮಕ್ಕಳು.

ಮಸೂದೆಯ ಪದಪದವನ್ನೂ ತೂಗಿನೋಡಲೆಂದೇ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ. ಆದರೆ ಮಸೂದೆಗಳನ್ನು ಅಲ್ಲಿಗೆ ಕಳುಹಿಸಲೇಬೇಕೆಂಬ ಕಡ್ಡಾಯವಿಲ್ಲ. 2020ರ ಕೃಷಿ ಮಸೂದೆಗಳು ಸಮಿತಿಯ ಮುಖ ಕಾಣದೆ ಅಂಗೀಕಾರಗೊಂಡವು. ಮರುವರ್ಷ ಅವುಗಳ ರದ್ದತಿಯೂ ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ಮುಗಿಯಿತು. ಕಾಯಿದೆಯ ಪರ ಇದ್ದವರೂ ವಿರೋಧಿಸಿದವರೂ ಇವೆರಡನ್ನೂ ಪ್ರಶ್ನಿಸಬೇಕು.

ಸಮಾಜ ಬಾಂಧವರೇ, ನಾವು ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಮತ ಕೇಳಲು ಬಂದವರನ್ನು ಒಂದು ಮಾತು ಕೇಳೋಣ: ಮಸೂದೆ ಸಮಿತಿಗೆ ಹೋಗಲೆಂದು ತಾವು ಸದನದಲ್ಲಿ ಒತ್ತಾಯಿಸುವಿರಾ? ಜೊತೆಗೆ ನಮ್ಮನ್ನೂ ಕೇಳಿಕೊಳ್ಳೋಣ: ಸಂಸತ್ತು 1984ರಲ್ಲಿ ತಿದ್ದಿದ ಆ ಪದವನ್ನು ನಮ್ಮ ಮನೆಗಳು ಎಂದು ತಿದ್ದಿಕೊಳ್ಳುವುವು?