ಅಂಗೈಯಗಲದ ಕಿನ್ನರಿ ಹಾರಿದರೆ ಆಟ ಕೆಡುತ್ತದೆಯೇ?

"ಹಾರುವ ಪಾತ್ರ ಕೊಟ್ಟರೆ ಅಲ್ಲಿಗೆ ಆಟ ಮುಗಿದಂತೆ." ಮೇಜಿನ ಸುತ್ತ ಕುಳಿತು ಆಡುವ ಫ್ಯಾಂಟಸಿ ಪಾತ್ರಾಭಿನಯದ ಆಟಗಳಲ್ಲಿ ಇದು ಹಳೆಯ ದೂರು. ಇದಕ್ಕೆ ತದ್ವಿರುದ್ಧವಾದ ದೂರೂ ಅಷ್ಟೇ ಹಳೆಯದು: "ಅಷ್ಟು ಪುಟ್ಟ ಕಿನ್ನರಿ ಕತ್ತಿ ಎತ್ತುವುದಾದರೂ ಹೇಗೆ? ಅದು ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಒಂದೇ ಪಾತ್ರ ಕೆಲವರಿಗೆ ಅತಿ ಬಲಶಾಲಿಯಾಗಿ ಕಾಣುತ್ತದೆ, ಕೆಲವರಿಗೆ ತೀರಾ ದುರ್ಬಲವಾಗಿ. ಯಾರು ಹೇಳುವುದು ಸರಿ? ಆಟದ ನಿಯಮಗಳನ್ನೂ ಸ್ವಲ್ಪ ಭೌತವಿಜ್ಞಾನವನ್ನೂ ಜೊತೆಗಿಟ್ಟುಕೊಂಡು ನೋಡೋಣ ಬನ್ನಿ.

ಮೊದಲಿಗೆ, ಇದು ಯಾವ ಆಟ?

ಈ ಬಗೆಯ ಆಟಗಳಲ್ಲಿ ಅತ್ಯಂತ ಹೆಸರಾದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಒಬ್ಬರು 'ಡಂಜನ್ ಮಾಸ್ಟರ್' ಆಗಿ ಕಥೆಯ ಸನ್ನಿವೇಶವನ್ನು ಹೇಳುತ್ತಾರೆ. ಉಳಿದವರು ತಲಾ ಒಂದೊಂದು ಪಾತ್ರ ವಹಿಸಿ "ನಾನು ಗೋಡೆ ಹತ್ತುತ್ತೇನೆ", "ನಾನು ಬಾಣ ಬಿಡುತ್ತೇನೆ" ಎನ್ನುತ್ತಾರೆ. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಸಾಮಾನ್ಯವಾಗಿ 20 ಮುಖಗಳ ದಾಳ ತೀರ್ಮಾನಿಸುತ್ತದೆ. ಪಾತ್ರಗಳು 1ನೇ ಹಂತದಿಂದ ಶುರುವಾಗಿ 20ನೇ ಹಂತದವರೆಗೆ ಬೆಳೆಯಬಹುದು.

ಚೌಕಾಬಾರದಲ್ಲಿ ಒಬ್ಬರು ಗೆದ್ದರೆ ಉಳಿದವರು ಸೋತಂತೆ. ಇಲ್ಲಿ ಹಾಗಲ್ಲ, ಆಟಗಾರರೆಲ್ಲ ಒಂದೇ ತಂಡ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾರಾಟದಿಂದ ನಿಜವಾದ ತೊಂದರೆ ಏನು?

ಈ ಆಟದ 5ನೇ ಆವೃತ್ತಿಯಲ್ಲಿ (2014) ಮಾಂತ್ರಿಕ ಪಾತ್ರಕ್ಕೆ ಹಾರುವ ಮಂತ್ರ ಸಿಗುವುದು 5ನೇ ಹಂತದಲ್ಲಿ. ಅದು ಹೆಚ್ಚೆಂದರೆ 10 ನಿಮಿಷ ಉಳಿಯುತ್ತದೆ. ಮಂತ್ರ ಹಾಕಿದವರು ಅಷ್ಟೂ ಹೊತ್ತು ಏಕಾಗ್ರತೆ ಕಾಯ್ದುಕೊಳ್ಳಬೇಕು. ನಡುವೆ ಏಟು ಬಿದ್ದರೆ ಮಂತ್ರ ಮುರಿಯಬಹುದು. ಅಂದರೆ ಹಾರಾಟಕ್ಕೆ ಆಟವೇ ಒಂದು ಬೆಲೆ ಕಟ್ಟಿದೆ. ಆದರೆ 2021ರಲ್ಲಿ ಬಂದ 'ದಿ ವೈಲ್ಡ್ ಬಿಯಾಂಡ್ ದಿ ವಿಚ್‌ಲೈಟ್' ಪುಸ್ತಕದ ಕಿನ್ನರಿಗೆ 1ನೇ ಹಂತದಲ್ಲೇ ರೆಕ್ಕೆ ಇದೆ. ಸಮಯದ ಮಿತಿ ಇಲ್ಲ, ಖರ್ಚೂ ಇಲ್ಲ.

ಒಂದು ಉದಾಹರಣೆ ನೋಡಿ. ಬಯಲಿನಲ್ಲಿ ನಾಲ್ಕು ತೋಳಗಳು ಎದುರಾಗುತ್ತವೆ. ತೋಳದ ಬಾಯಿ ಎಟಕುವುದು 5 ಅಡಿ. ಕಿನ್ನರಿ 30 ಅಡಿ ಮೇಲಕ್ಕೇರಿ ಸಣ್ಣ ಬಿಲ್ಲು ಹಿಡಿದರೆ, ಆ ಬಾಣ 80 ಅಡಿವರೆಗೆ ಸಲೀಸಾಗಿ ಹೋಗುತ್ತದೆ. ತೋಳಗಳು ಅದನ್ನು ಏನೂ ಮಾಡಲಾರವು.

ಆದರೆ ಇದು ಚಿಕ್ಕ ತೊಂದರೆ. ಎದುರಾಳಿಯ ಕೈಯಲ್ಲೂ ಬಿಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ಜೊತೆಗೆ ಹಾರಾಟಕ್ಕೆ ತನ್ನದೇ ಅಪಾಯವೂ ಇದೆ. ನಿದ್ರೆ ಬರಿಸುವ ಮಂತ್ರ ತಗುಲಿದರೆ ಹಾರುತ್ತಿದ್ದ ಪಾತ್ರ ಕೆಳಗೆ ಬೀಳುತ್ತದೆ. ಬಿದ್ದ ಪ್ರತಿ 10 ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು. 30 ಅಡಿಗೆ ಮೂರು ದಾಳ, ಅಂದರೆ ಸರಾಸರಿ 10.5 ಅಂಕ. 1ನೇ ಹಂತದ ಮಾಂತ್ರಿಕನ ಪ್ರಾಣಶಕ್ತಿ 6 ಅಂಕ, ದೇಹ ಗಟ್ಟಿಯಿದ್ದರೆ ಇನ್ನೊಂದೆರಡು ಅಂಕ ಹೆಚ್ಚು. ಒಂದೇ ಬೀಳಿಗೆ ಸಾಕು ಪ್ರಜ್ಞೆ ತಪ್ಪಲು!

ದೊಡ್ಡ ತೊಂದರೆ ಇರುವುದು ಯುದ್ಧದ ಹೊರಗೆ. ಹೊಳೆ, ಕಂದಕ, ಕೋಟೆ ಗೋಡೆ, ಮುರಿದ ಸೇತುವೆ ಇವೆಲ್ಲ ಆರಂಭದ ಹಂತಗಳಲ್ಲಿ ತಂಡ ತಲೆ ಕೆಡಿಸಿಕೊಳ್ಳಬೇಕಾದ ಸವಾಲುಗಳು. ಗೋಡೆ ಹತ್ತುವುದರಲ್ಲಿ ನಿಪುಣನಾದ ಕಳ್ಳನ ಪಾತ್ರವನ್ನು ಗೆಳೆಯರೊಬ್ಬರು ಆಸೆಪಟ್ಟು ಕಟ್ಟಿಕೊಂಡಿದ್ದಾರೆ ಎನ್ನಿ. ಗೋಡೆ ಎದುರಾದಾಗಲೆಲ್ಲ "ನಾನು ಹಾರಿ ಹೋಗಿ ಹಗ್ಗ ಕಟ್ಟಿ ಬರುತ್ತೇನೆ" ಎಂದು ಕಿನ್ನರಿ ಹೇಳಿಬಿಟ್ಟರೆ ಆ ಕಳ್ಳನಿಗೆ ಉಳಿಯುವ ಕೆಲಸವೇನು? ಇಲ್ಲಿ ನಷ್ಟವಾಗುವುದು ರಾಕ್ಷಸರಿಗಲ್ಲ, ಪಕ್ಕದಲ್ಲಿ ಕುಳಿತ ಗೆಳೆಯನಿಗೆ.

ಗಾತ್ರದ ಬಗ್ಗೆ ವಿಜ್ಞಾನ ಏನು ಹೇಳುತ್ತದೆ?

150 ಸೆಂ.ಮೀ. ಎತ್ತರ, 60 ಕೆ.ಜಿ. ತೂಕದ ವ್ಯಕ್ತಿಯನ್ನು ಅದೇ ಆಕಾರದಲ್ಲಿ 15 ಸೆಂ.ಮೀ.ಗೆ ಕುಗ್ಗಿಸಿದೆವು ಎಂದುಕೊಳ್ಳಿ. ಎತ್ತರ ಹತ್ತನೇ ಒಂದು ಭಾಗವಾಯಿತು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿರುವುದರಿಂದ ಬಲ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ತೂಕ ಮಾತ್ರ ಸಾವಿರದ ಒಂದು ಭಾಗ, ಅಂದರೆ 60 ಗ್ರಾಂ. ಹೆಚ್ಚುಕಡಿಮೆ ಎರಡು ಗುಬ್ಬಚ್ಚಿಗಳ ತೂಕ!

ಇದರ ಫಲ ವಿಚಿತ್ರವಾಗಿದೆ. 50 ಕೆ.ಜಿ. ಎತ್ತುತ್ತಿದ್ದವರು ಈಗ ಅರ್ಧ ಕೆ.ಜಿ. ಎತ್ತಬಲ್ಲರು. ತಮ್ಮ ತೂಕಕ್ಕೆ ಹೋಲಿಸಿದರೆ ಅವರು ಮೊದಲಿಗಿಂತ ಹತ್ತು ಪಟ್ಟು ಬಲಶಾಲಿ. ಇರುವೆ ತನಗಿಂತ ಭಾರದ ಕಾಳನ್ನು ಹೊರುವುದರ ಗುಟ್ಟೂ ಇದೇ. ಆದರೆ ಎದುರಿಗಿರುವ ಶತ್ರುವಿನ ಗಾತ್ರ ಕುಗ್ಗಿಲ್ಲವಲ್ಲ! ಅವನಿಗೆ ಕಿನ್ನರಿಯ ಕತ್ತಿ ಸೂಜಿ ಚುಚ್ಚಿದ ಹಾಗೆ. ಇನ್ನು ಬೀಳುವ ವಿಚಾರ. ಪುಟ್ಟ ದೇಹಕ್ಕೆ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಗಾಳಿ ಅದನ್ನು ಚೆನ್ನಾಗಿಯೇ ತಡೆಯುತ್ತದೆ. ಹಾಗಾಗಿ ಎತ್ತರದಿಂದ ಬಿದ್ದರೂ ದೊಡ್ಡವರಷ್ಟು ಪೆಟ್ಟಾಗುವುದಿಲ್ಲ.

ಅಂದರೆ ನಿಜವಾದ ಭೌತವಿಜ್ಞಾನದಲ್ಲಿ ಕಿನ್ನರಿ ಬಿದ್ದರೂ ಬದುಕುತ್ತದೆ, ಆದರೆ ಹೊಡೆಯಲಾರದು. ಆಟದ ನಿಯಮ ಹೆಚ್ಚುಕಡಿಮೆ ತಲೆಕೆಳಗು: ಹೊಡೆತದಲ್ಲಿ ಬೇರೆಯವರಿಗೆ ಹತ್ತಿರ ನಿಲ್ಲುತ್ತದೆ, ಬಿದ್ದಾಗಿನ ಪೆಟ್ಟು ಎಲ್ಲರಿಗೂ ಒಂದೇ. ಇದು ವಿಜ್ಞಾನ ತಿಳಿಯದೆ ಆದ ಎಡವಟ್ಟು ಎಂದುಕೊಳ್ಳಬೇಡಿ. ವಿಜ್ಞಾನವನ್ನು ಹಾಗೇ ಅನ್ವಯಿಸಿದ್ದರೆ ಕಿನ್ನರಿಯ ಪಾತ್ರವನ್ನು ಯಾರೂ ಆಡುತ್ತಿರಲಿಲ್ಲ.

ಆಟ ರೂಪಿಸಿದವರು ಹುಡುಕಿದ ಮೂರು ದಾರಿಗಳು

1. ಮುಂಗಡ ಬೆಲೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5 ಆವೃತ್ತಿಯಲ್ಲಿ (2003) 'ಪಿಕ್ಸಿ' ಎಂಬ ಕಿನ್ನರಿಯ ಪಾತ್ರ ಬೇಕೆಂದರೆ ನಾಲ್ಕು ಹಂತಗಳನ್ನು ಬಿಟ್ಟುಕೊಡಬೇಕಿತ್ತು. 1ನೇ ಹಂತದ ಪಿಕ್ಸಿ 5ನೇ ಹಂತದವರಿಗೆ ಸಮ ಎಂಬ ಲೆಕ್ಕ. ಕಾಗದದ ಮೇಲೆ ಇದು ನ್ಯಾಯವೇ. ಆದರೆ 5ನೇ ಹಂತದ ಶತ್ರುಗಳ ಮುಂದೆ 1ನೇ ಹಂತದ ಪ್ರಾಣಶಕ್ತಿ ಎಷ್ಟು ಹೊತ್ತು ಉಳಿದೀತು? ಕಣ್ಣಿಗೆ ಕಾಣದಂತೆ ಇರುವ ಶಕ್ತಿ ಪಿಕ್ಸಿಗೆ ಇತ್ತು ನಿಜ, ಆದರೆ ಒಂದು ಏಟು ಸರಿಯಾಗಿ ಬಿದ್ದರೆ ಕಥೆ ಮುಗಿಯಿತು.

2. ಚಿಕ್ಕದನ್ನು ದೊಡ್ಡದು ಮಾಡುವುದು. 2021ರ ಕಿನ್ನರಿ ಅಂಗೈಯಗಲದ್ದಲ್ಲ. ನಿಯಮದ ಪ್ರಕಾರ ಅದರ ಗಾತ್ರ 'ಸ್ಮಾಲ್', ಅಂದರೆ ಸುಮಾರು ಮಗುವಿನಷ್ಟು ಎತ್ತರ. ಆಟದ ನಕ್ಷೆಯಲ್ಲಿ ಮನುಷ್ಯರಂತೆಯೇ 5 ಅಡಿಯ ಚೌಕವನ್ನು ಆಕ್ರಮಿಸುತ್ತದೆ. ಮಧ್ಯಮ ಅಥವಾ ಭಾರದ ಕವಚ ತೊಟ್ಟರೆ ಹಾರುವಂತಿಲ್ಲ. ಹಕ್ಕಿಮನುಷ್ಯರಾದ 'ಆರಕೋಕ್ರ'ಗಳಿಗೂ ಕತ್ತರಿ ಬಿತ್ತು. 2015ರಲ್ಲಿ ಒಂದು ಸರದಿಗೆ 50 ಅಡಿ ಇದ್ದ ಅವರ ಹಾರಾಟ 2022ರ ಪುಸ್ತಕದಲ್ಲಿ 30 ಅಡಿಗೆ ಇಳಿಯಿತು. ಈ ದಾರಿ ಸುಲಭದ್ದು. ಆದರೆ ಚಿಕ್ಕದಾಗಿರಬೇಕು ಎಂಬ ಆಸೆಯೇ ಇಲ್ಲಿ ಕೈತಪ್ಪಿತು.

3. ಚಿಕ್ಕದನ್ನು ಚಿಕ್ಕದಾಗಿಯೇ ಬಿಟ್ಟು, ರೆಕ್ಕೆಗೆ ಕಾಯಿಸುವುದು. 'ಪಾತ್‌ಫೈಂಡರ್' ಎಂಬ ಇನ್ನೊಂದು ಆಟದ 2ನೇ ಆವೃತ್ತಿಯಲ್ಲಿ 2021ರಲ್ಲಿ ಬಂದ 'ಸ್ಪ್ರೈಟ್' ಬಹುಪಾಲು ನಿಜಕ್ಕೂ ಪುಟಾಣಿ. ಅದರ ಕೈ ದೂರಕ್ಕೆ ಎಟಕುವುದಿಲ್ಲ. ಕತ್ತಿ ಬೀಸಬೇಕೆಂದರೆ ಶತ್ರು ನಿಂತ ಚೌಕದೊಳಕ್ಕೇ ನುಗ್ಗಬೇಕು. ಪೂರ್ತಿ ಹಾರಾಟ ಆರಂಭದಲ್ಲೇ ಸಿಗುವುದಿಲ್ಲ, ಬೆಳೆಯುತ್ತಾ ಗಳಿಸಬೇಕು. ಅಲ್ಲಿವರೆಗೆ ಓಡಾಡಲು ಕಾರ್ಗಿ ನಾಯಿಯ ಸವಾರಿ ಆರಿಸಿಕೊಳ್ಳಬಹುದು! ಮೂರರಲ್ಲಿ ನಮಗೆ ಹೆಚ್ಚು ಪ್ರಾಮಾಣಿಕ ಅನ್ನಿಸುವುದು ಇದೇ, ಏಕೆಂದರೆ ಚಿಕ್ಕದಾಗಿರುವುದರ ಮಜಾ ಮತ್ತು ಕಷ್ಟ ಎರಡೂ ಇಲ್ಲಿ ಉಳಿದಿವೆ.

ಹಾಗಾದರೆ ಸಮತೋಲನ ಎಂದರೇನು?

ಗಲ್ಲಿ ಕ್ರಿಕೆಟ್ ನೆನಪಿಸಿಕೊಳ್ಳಿ. ಕಾಂಪೌಂಡ್ ಆಚೆ ನೇರವಾಗಿ ಹೊಡೆದರೆ ಔಟ್ ಎಂಬ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಜೋರಾಗಿ ಹೊಡೆಯುವ ಒಬ್ಬನಿಂದ ಚೆಂಡು ಕಳೆದು, ಎಲ್ಲರ ಆಟವೂ ನಿಲ್ಲಬಾರದೆಂದು ಹುಡುಗರೇ ಸೇರಿ ಮಾಡಿಕೊಂಡದ್ದು ಅದು.

ಇಲ್ಲೂ ಹಾಗೆಯೇ. ತಂಡವಾಗಿ ಆಡುವ ಆಟದಲ್ಲಿ ಎಲ್ಲರ ಅಂಕಗಳು ಸಮವಾಗಿರಬೇಕಿಲ್ಲ. ಇವತ್ತಿನ ಆಟದಲ್ಲಿ ನನ್ನ ಪಾತ್ರವೂ ಬೇಕಾಗಿತ್ತು ಎಂದು ಪ್ರತಿಯೊಬ್ಬರಿಗೂ ಅನ್ನಿಸಬೇಕು. ನಿಜವಾದ ಸಮತೋಲನ ಅದೇ.

ನೀವು ಏನು ಮಾಡಬಹುದು?

• ಆಟ ಶುರುವಾಗುವ ಮೊದಲೇ ಕೂತು ಮಾತಾಡಿ. ಕಿನ್ನರಿ ಬೇಕೆಂದವರಿಗೆ ಬೇಕಿರುವುದು ರೆಕ್ಕೆಯೋ, ಪುಟ್ಟ ಗಾತ್ರವೋ, ತುಂಟತನವೋ ಕೇಳಿ. ಎಷ್ಟೋ ಸಲ ಹಾರಾಟ ಅವರ ಮುಖ್ಯ ಆಸೆಯೇ ಆಗಿರುವುದಿಲ್ಲ.

• 5ನೇ ಹಂತದವರೆಗೆ ಪ್ರತಿ ಸರದಿಯ ಕೊನೆಗೆ ನೆಲಕ್ಕಿಳಿಯಬೇಕು ಎಂಬ ಒಪ್ಪಂದ ಮಾಡಿಕೊಳ್ಳಿ. ಚಿಕ್ಕ ಕಂದಕ ದಾಟಬಹುದು, ಆಕಾಶದಲ್ಲೇ ನಿಂತು ಯುದ್ಧ ಮಾಡುವಂತಿಲ್ಲ.

• ಗೋಡೆ ದಾಟಿದ ಮೇಲೂ ಕೆಲಸ ಉಳಿಯಲಿ. ಕಿನ್ನರಿ ಒಬ್ಬಳೇ ಆಚೆ ಹೋಗಬಹುದು, ಆದರೆ ಒಳಗಿನ ಭಾರದ ಅಗುಳಿ ತೆಗೆಯಲು, ಬೀಗ ಬಿಡಿಸಲು ಉಳಿದವರು ಬೇಕಾಗಲಿ.

• ರೆಕ್ಕೆ ಕೊಟ್ಟ ಮೇಲೆ ಶಿಕ್ಷಿಸಬೇಡಿ. ಪ್ರತಿ ಶತ್ರುವಿನ ಕೈಗೂ ಬಿಲ್ಲು, ಪ್ರತಿ ಕೋಣೆಗೂ ತಗ್ಗಿನ ಚಾವಣಿ ಇಟ್ಟರೆ ಕೊಟ್ಟದ್ದನ್ನು ಕಸಿದುಕೊಂಡಂತೆ. ಕೆಲವು ಸಲ ಹಾರಾಟ ಗೆಲ್ಲಲಿ, ಕೆಲವು ಸಲ ಅದರಿಂದ ಪ್ರಯೋಜನವಾಗದಿರಲಿ.

ಒಟ್ಟಿನಲ್ಲಿ

"ಹಾರುವ ಪಾತ್ರ ಆಟ ಕೆಡಿಸುತ್ತದೆ" ಎಂಬುದು ಅರ್ಧಸತ್ಯ. ಆರಂಭದ ಹಂತಗಳಲ್ಲಿ ಹಾರಾಟ ದೊಡ್ಡ ಅನುಕೂಲ ಎಂಬುದು ನಿಜ. "ಚಿಕ್ಕ ಪಾತ್ರ ಲೆಕ್ಕಕ್ಕಿಲ್ಲ" ಎಂಬುದೂ ಅರ್ಧಸತ್ಯವೇ, ಭೌತವಿಜ್ಞಾನ ಹಾಗೆ ಹೇಳಿದರೂ ಆಟ ಹೇಳಬೇಕಿಲ್ಲ. ನಿಮ್ಮ ಗುಂಪಿನಲ್ಲಿ ಯಾರಾದರೂ ಕಿನ್ನರಿ ಆಗುತ್ತೇನೆ ಎಂದರೆ ಬೇಡ ಅನ್ನುವ ಮೊದಲು ಉಳಿದವರನ್ನು ಒಂದು ಮಾತು ಕೇಳಿ: ಅವಳು ಹಾರಿದಾಗ ನೀವು ಏನು ಮಾಡುತ್ತಿರಬೇಕು? ಅದಕ್ಕೆ ಎಲ್ಲರ ಬಳಿಯೂ ಉತ್ತರವಿದ್ದರೆ ಧೈರ್ಯವಾಗಿ ರೆಕ್ಕೆ ಕೊಡಿ.