ಖಾಲಿ ಕುರ್ಚಿಗೆ ರೈತರು ಹೊಣೆಯಲ್ಲ

ತರಬೇತಿಗೆ ಕರೆದರೆ ರೈತರು ಬರುವುದಿಲ್ಲ, ಬಂದರೂ ಊಟಕ್ಕೆ, ಸಬ್ಸಿಡಿಗೆ ಬರುತ್ತಾರೆ ಎಂಬ ದೂರು ಹಳೆಯದು. ಮೈಸೂರು ತಾಲ್ಲೂಕಿನ ಇಲವಾಲ ಹೋಬಳಿಯಲ್ಲಿ ನಿಂತು ಇದನ್ನು ಒರೆಗೆ ಹಚ್ಚಿ ನೋಡಿ. ಜಿಲ್ಲಾ ಕೃಷಿ ತರಬೇತಿ ಕೇಂದ್ರ ನಾಗನಹಳ್ಳಿಯಲ್ಲಿದೆ, ಕೃಷಿ ವಿಜ್ಞಾನ ಕೇಂದ್ರ ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿದೆ. ಎರಡೂ ಮೈಸೂರಿನ ಆಚೆಗೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ದನಕ್ಕೆ ಮೇವು ಹಾಕಿ ಹೊರಟವರು ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿರಬೇಕು. ಮಳೆ ಬಿದ್ದು ಹದ ಸಿಕ್ಕ ವಾರದಲ್ಲೇ ತರಬೇತಿ ಇಟ್ಟರೆ ರಾಗಿ ಬಿತ್ತನೆ ಬಿಟ್ಟು ಯಾರು ಹೋಗುತ್ತಾರೆ? ಗೈರುಹಾಜರಿಯನ್ನು ಅಸಡ್ಡೆ ಎನ್ನುವವರು ಒಂದು ದಿನದ ಕೂಲಿಯ ಲೆಕ್ಕ ಹಾಕಿಲ್ಲ.

ರೈತರಿಗೆ ಕಲಿಯುವ ಆಸೆಯೇ ಇಲ್ಲವೆಂದೂ ಹೇಳಲಾಗದು. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಶೇ 16.7ರಷ್ಟು ರೈತ ಕುಟುಂಬಗಳು ಪ್ರಗತಿಪರ ರೈತರಿಂದ, ಶೇ 13.1ರಷ್ಟು ಗೊಬ್ಬರ, ಔಷಧ ಮಾರುವವರಿಂದ ಹೊಸ ತಂತ್ರಜ್ಞಾನದ ಮಾಹಿತಿ ಪಡೆದಿದ್ದವು. ಕೃಷಿ ವಿಜ್ಞಾನ ಕೇಂದ್ರಗಳಿಂದ ಪಡೆದವು ಶೇ 0.7 ಮಾತ್ರ. ಅಂಕಿ ಹಳೆಯದಾದರೂ ಕಾರಣ ಇಂದಿಗೂ ಕಣ್ಣೆದುರೇ ಇದೆ. ರೋಗ ಬಿದ್ದ ಎಲೆಯನ್ನು ಕಿತ್ತು ತಂದರೆ ಅಂಗಡಿಯವನು ಆಗಲೇ ಉತ್ತರ ಕೊಡುತ್ತಾನೆ, ಔಷಧವನ್ನು ಉದ್ದರಿಗೂ ಕೊಡುತ್ತಾನೆ. ಆದರೆ ಆ ಉತ್ತರ ಅವನ ಕಪಾಟಿನಲ್ಲಿರುವ ಬಾಟಲಿಯನ್ನು ಮೀರುವುದಿಲ್ಲ. ಸರ್ಕಾರಿ ತರಬೇತಿ ಬೇಕಿರುವುದು ಇದೇ ಕಾರಣಕ್ಕೆ.

ಮೊಬೈಲ್ ಇರುವಾಗ ತರಬೇತಿ ಏಕೆ ಎನ್ನುವವರಿದ್ದಾರೆ. ವಿಡಿಯೊ ನಿಮ್ಮ ಹೊಲದ ಮಣ್ಣು ನೋಡಿ ಮಾತಾಡುವುದಿಲ್ಲ. ಕೇಂದ್ರ ಹತ್ತಿರವಾದರೆ ಸಾಕು ಎಂಬುದೂ ಅರ್ಧ ಸತ್ಯ. ಕಳೆ ಕೀಳುವ, ನಾಟಿ ಹಾಕುವ ಹೆಂಗಸಿನ ಹೆಸರು ಪಹಣಿಯಲ್ಲಿಲ್ಲದಿದ್ದರೆ, ಗುತ್ತಿಗೆಗೆ ಉಳುವವನನ್ನು ಕೃಷಿ ಇಲಾಖೆಯ ಪಟ್ಟಿ ಗುರುತಿಸದಿದ್ದರೆ ಆಹ್ವಾನ ತಲುಪುವುದು ಜಮೀನಿನ ಮಾಲೀಕನಿಗೆ, ಬೇಸಾಯ ಮಾಡುವವರಿಗಲ್ಲ. 1980ರ ದಶಕದಲ್ಲಿ ಡೆನ್ಮಾರ್ಕ್ ನೆರವಿನಿಂದ ಕರ್ನಾಟಕದಲ್ಲೇ ರೈತ ಮಹಿಳೆಯರಿಗೆಂದು ತರಬೇತಿ ಯೋಜನೆ ನಡೆದಿದೆ, ದಾರಿ ಹೊಸದೇನಲ್ಲ. ಇನ್ನು ಸಿಬ್ಬಂದಿ ಕೊರತೆ. ಅದು ನಿಜ. ಹಾಗೆಂದೇ ಒಂದು ದಿನದ ಭಾಷಣಗಳನ್ನು ಕಡಿಮೆ ಮಾಡಿ, ಇಂಡೊನೇಷ್ಯಾದಲ್ಲಿ 1989ರಲ್ಲಿ ಭತ್ತದ ಗದ್ದೆಗಳಲ್ಲಿ ಆರಂಭವಾದ ಕ್ಷೇತ್ರ ಪಾಠಶಾಲೆಯಂತೆ, ಬಿತ್ತನೆಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಹೊಲದಲ್ಲೇ ಸೇರುವ ಕ್ರಮ ತರಬೇಕು. ಹೋಬಳಿಯ ರೈತ ಸಂಪರ್ಕ ಕೇಂದ್ರ ಅದಕ್ಕೆ ನೆಲೆಯಾಗಲಿ. ಯಲಚಹಳ್ಳಿಯ ತೋಟಗಾರಿಕಾ ಕಾಲೇಜಿನ ವಿಜ್ಞಾನಿಗಳು ಅಲ್ಲಿಗೆ ಬರಲಿ. ಯಶಸ್ಸನ್ನು ಹಾಜರಿ ಪುಸ್ತಕದ ಸಹಿಗಳಿಂದ ಅಳೆಯುವುದು ಬೇಡ. ಮುಂದಿನ ಹಂಗಾಮಿನಲ್ಲಿ ಎಷ್ಟು ಹೊಲಗಳಲ್ಲಿ ಪದ್ಧತಿ ಬದಲಾಯಿತು ಎಂದು ಇಲಾಖೆ ಲೆಕ್ಕ ಕೊಡಲಿ.